ರೈಸ್ ಮಿಲ್ಲಿನ ರಾತ್ರಿ ಪಾಳಿಗೆ ಹೈಡ್ರೋಜನ್ ನೆರವಾದೀತೇ?

ಪ್ರಶ್ನೆ: ಕಾರಟಗಿಯಲ್ಲಿ ನಮ್ಮದೊಂದು ರೈಸ್ ಮಿಲ್ಲಿದ್ದು, ಅದರ ಚಾವಣಿಯ ಮೇಲೆ 100 ಕಿಲೋವ್ಯಾಟ್‌ನ ಸೌರ ಫಲಕಗಳನ್ನು ಹಾಕಿಸಬೇಕೆಂದಿದ್ದೇವೆ. ಸುಗ್ಗಿಯಲ್ಲಿ ರಾತ್ರಿಯೂ ಮಿಲ್ಲು ನಡೆಯುತ್ತದೆ. ಹಗಲಿನ ವಿದ್ಯುತ್ತಿನಿಂದ ಹೈಡ್ರೋಜನ್ ತಯಾರಿಸಿಟ್ಟುಕೊಂಡು, ರಾತ್ರಿ ಅದರಿಂದ ಮೋಟಾರು ಓಡಿಸಬಹುದೇ? ಬಾಯ್ಲರಿನಲ್ಲಿಯೂ ಉರಿಸಬಹುದೇ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ತಾಂತ್ರಿಕವಾಗಿ ಎರಡೂ ಸಾಧ್ಯ, ಆದರೆ ನಿಮ್ಮ ಮಿಲ್ಲಿಗೆ ಇದು ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಫಲಕಗಳು ದಿನಕ್ಕೆ ಸರಾಸರಿ 400 ಯೂನಿಟ್ ಕೊಡುತ್ತವೆ ಎಂದಿಟ್ಟುಕೊಳ್ಳೋಣ. ನೀರನ್ನು ವಿಭಜಿಸಿ ಒಂದು ಕಿಲೋ ಹೈಡ್ರೋಜನ್ ಪಡೆಯಲು ಎಲೆಕ್ಟ್ರೊಲೈಸರ್‌ಗೆ 50ರಿಂದ 55 ಯೂನಿಟ್ ಬೇಕಾಗುವುದರಿಂದ, ಇಡೀ ದಿನದ ವಿದ್ಯುತ್ತನ್ನು ಅದಕ್ಕೇ ಕೊಟ್ಟರೂ ದೊರೆಯುವುದು ಏಳೆಂಟು ಕಿಲೋ ಮಾತ್ರ. ಅದನ್ನು ಫ್ಯೂಯೆಲ್ ಸೆಲ್‌ನಲ್ಲಿ ಮತ್ತೆ ವಿದ್ಯುತ್ತಾಗಿಸಿದಾಗ ಕಿಲೋ ಒಂದಕ್ಕೆ ಸುಮಾರು 16 ಯೂನಿಟ್ ಬರುತ್ತದೆ. ಹೀಗೆ 400 ಯೂನಿಟ್ ಕೊಟ್ಟು ರಾತ್ರಿಗೆ ಪಡೆಯುವುದು 120ರ ಆಸುಪಾಸು. ಅನಿಲವನ್ನು ಒತ್ತಡದಲ್ಲಿ ತುಂಬುವ ಕಂಪ್ರೆಸರ್‌ನ ಖರ್ಚನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಲಿಥಿಯಂ ಬ್ಯಾಟರಿಯಲ್ಲಿಟ್ಟಿದ್ದರೆ ಅದೇ 400ರಲ್ಲಿ 340ಕ್ಕೂ ಹೆಚ್ಚು ಯೂನಿಟ್ ಮರಳುತ್ತಿತ್ತು.

ಇದರೊಂದಿಗೆ ಲವಣಾಂಶವನ್ನು ಪೂರ್ತಿ ತೆಗೆದ ನೀರು ಬೇಕು; ನಮ್ಮ ಕಡೆಯ ಬೋರಿನ ಗಡಸು ನೀರು ನೇರವಾಗಿ ನಡೆಯದು. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಬೆರೆತಾಗ ಹೈಡ್ರೋಜನ್‌ಗೆ ಬೆಂಕಿ ಹೊತ್ತಿಕೊಳ್ಳಬಲ್ಲದು, ಅದರ ಜ್ವಾಲೆಯೋ ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಹೊಟ್ಟು, ತೌಡಿನ ಧೂಳು ಸದಾ ಇರುವ ಆವರಣಕ್ಕೆ ಇನ್ನೊಂದು ಅಪಾಯವನ್ನು ಕರೆತರುವುದೇಕೆ?

ಬಾಯ್ಲರಿನ ವಿಷಯ ಸರಳ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟೇ ಆಗಿರುವಾಗ, ಅದನ್ನು ಬಿಟ್ಟು ಹೈಡ್ರೋಜನ್ ಉರಿಸುವುದು ದುಂದು.

ಹಾಗೆಂದು ಹೈಡ್ರೋಜನ್ ನಮ್ಮ ಭಾಗಕ್ಕೆ ನಿರುಪಯುಕ್ತವೆಂದು ಭಾವಿಸಬೇಡಿ. ವಿದ್ಯುತ್ತಿಗಲ್ಲದೆ ಹೈಡ್ರೋಜನ್ನಿಗಾಗಿಯೇ ಹೈಡ್ರೋಜನ್ ಬೇಕಾಗುವ ಉದ್ಯಮಗಳಲ್ಲಿ ಈ ಲೆಕ್ಕವೇ ಬದಲಾಗುತ್ತದೆ. ಕಬ್ಬಿಣದ ಅದಿರಿನಲ್ಲಿರುವ ಆಮ್ಲಜನಕವನ್ನು ಕಲ್ಲಿದ್ದಲಿನ ಬದಲು ಹೈಡ್ರೋಜನ್ ಕಳೆದರೆ, ಇಂಗಾಲದ ಡೈಆಕ್ಸೈಡ್ ಬದಲಿಗೆ ನೀರಾವಿ ಹೊರಬರುತ್ತದೆ. ಒಂದು ಟನ್ ಕಬ್ಬಿಣಕ್ಕೆ ರಾಸಾಯನಿಕ ಲೆಕ್ಕದಂತೆ ಸುಮಾರು 54 ಕಿಲೋ ಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಈ ದಿಕ್ಕಿನಲ್ಲಿಯೇ ಹೆಜ್ಜೆ ಇಟ್ಟಿದೆ. ಆದರೆ ಅದಿರನ್ನು ಕರಗಿಸದೆಯೇ ಕಬ್ಬಿಣವಾಗಿಸುವ, ಕಲ್ಲಿದ್ದಲಿನಿಂದ ನಡೆಯುವ ಸ್ಪಾಂಜ್ ಐರನ್ ಗೂಡುಗಳನ್ನು ಇದ್ದಂತೆಯೇ ಹೈಡ್ರೋಜನ್ನಿಗೆ ಹೊಂದಿಸಲಾಗದು. ಅದಕ್ಕೆ ಬೇರೆ ಬಗೆಯ ಕುಲುಮೆ ಬೇಕು.

ನೀವು ಹಗಲಿನ ವಿದ್ಯುತ್ತನ್ನು ಹಗಲಿನಲ್ಲಿಯೇ ಬಳಸಿ, ಮಿಲ್ಲು ನಿಂತಿರುವ ತಿಂಗಳುಗಳ ಉಳಿಕೆಗಾಗಿ ಜೆಸ್ಕಾಂ ಕಚೇರಿಯಲ್ಲಿ ನೆಟ್ ಮೀಟರಿಂಗ್ (ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು ಬಿಲ್ಲಿನಲ್ಲಿ ಹೊಂದಿಸಿಕೊಳ್ಳುವ ವ್ಯವಸ್ಥೆ) ವಿಚಾರಿಸಿ. ಸಂಜೆಯ ಒಂದೆರಡು ಗಂಟೆಗೆ ಸಾಲುವಷ್ಟು ಬ್ಯಾಟರಿಯ ದರಪಟ್ಟಿ ತರಿಸಿ ನೋಡಬಹುದು. ಫಲಕಗಳನ್ನು ಮಾತ್ರ ಚಿಮಣಿಯ ಬೂದಿ ಗಾಳಿಗೆ ಬಂದು ಕೂರುವ ಕಡೆ ಹಾಕಿಸಬೇಡಿ.