ಬಾಲಮಂಗಳದ ಡಿಂಗನಿಗೆ ಆದ ಅನ್ಯಾಯ

ದೊಡ್ಡ ಹೆಸರು ಮಾಡಬೇಕಿತ್ತು, ಆದರೂ ಮೂಲೆಗೆ ಬಿದ್ದ ಕಾಮಿಕ್ಸ್ ಪಾತ್ರ ಯಾವುದು ಅಂತ ಕೇಳಿದ್ದೀರಿ. ನನ್ನ ಓಟು ಡಿಂಗನಿಗೆ. ಬಾಲಮಂಗಳ ಅನ್ನುವ ಮಕ್ಕಳ ಪತ್ರಿಕೆಯಲ್ಲಿ ಬರುತ್ತಿದ್ದ ಇಲಿ.

ಕನ್ನಡದಲ್ಲಿ ಮೂಲೆಗೆ ಬಿದ್ದ ಅಂತ ಸೇರಿಸಬೇಕು. ಗಡಿಯ ಆಚೆ, ಮಲಯಾಳದಲ್ಲಿ, ಅವನ ಕತೆಯೇ ಬೇರೆ. ನಾನು ಕಾಸರಗೋಡಿನವನು, ಬದಿಯಡ್ಕದ ಹತ್ತಿರ ಬೆಳೆದವನು. ಹಾಗಾಗಿ ಎರಡೂ ಕಡೆ ನೋಡಿದ್ದೇನೆ.

ನಾನು ಕನ್ನಡ ಮೀಡಿಯಂ. ಪಕ್ಕದ ಮನೆಯ ಹುಡುಗ ಮಲಯಾಳ ಮೀಡಿಯಂ. ಅಪ್ಪ ಪೇಟೆಗೆ ಹೋದರೆ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯಿಂದ ನನಗೆ ಬಾಲಮಂಗಳ ತರುತ್ತಿದ್ದರು. ಅವನ ಹತ್ತಿರ ಬಾಲಮಂಗಳಂ ಇರುತ್ತಿತ್ತು. ಒಂದು ದಿನ ನಮ್ಮ ಜಗಲಿಯಲ್ಲಿ ಎರಡನ್ನೂ ಬಿಡಿಸಿಟ್ಟರೆ, ಅದೇ ಇಲಿ, ಅದೇ ಕತೆ, ಅದೇ ಚಿತ್ರ! ನನ್ನದರಲ್ಲಿ ಡಿಂಗ, ಅವನದರಲ್ಲಿ ಡಿಂಕನ್. ಯಾರದ್ದು ಒರಿಜಿನಲ್ ಅಂತ ದೊಡ್ಡ ಜಗಳವೇ ಆಯಿತು. ಅವನೇ ಸರಿ. ಡಿಂಕನ್ 1983ರಲ್ಲಿ ಮಲಯಾಳದಲ್ಲಿ ಹುಟ್ಟಿದವನು. ಕತೆ ಎನ್. ಸೋಮಶೇಖರನ್ ಅವರದ್ದು, ಚಿತ್ರ ಬೇಬಿ ಅವರದ್ದು. ಅವತ್ತು ನಾನು ಒಪ್ಪಲಿಲ್ಲ ಬಿಡಿ.

ಆದರೆ ಆ ಜಗಳದಿಂದ ನನಗೆ ಒಂದು ಲಾಭ ಆಯಿತು. ಕತೆ ಗೊತ್ತು, ಚಿತ್ರ ಗೊತ್ತು, ಬಲೂನಿನೊಳಗಿನ ಮಾತೂ ಹೆಚ್ಚು ಕಡಿಮೆ ಗೊತ್ತು. ನನ್ನ ಪುಸ್ತಕದ ಸಾಲಿನ ಮೇಲೆ ಒಂದು ಬೆರಳು, ಅವನದರ ಮೇಲೆ ಇನ್ನೊಂದು. ಹೀಗೆ ಬೆರಳಿಟ್ಟು ಬೆರಳಿಟ್ಟು ಮಲಯಾಳ ಅಕ್ಷರ ಕಲಿತೆ. ಇವತ್ತು ಪಂಚಾಯತಿನ ನೋಟಿಸು, ಬಸ್ಸಿನ ಬೋರ್ಡು ಓದುತ್ತೇನೆ ಅಂದರೆ ಅದಕ್ಕೆ ಈ ಇಲಿಯೇ ಮೇಷ್ಟ್ರು. ಅಜ್ಜ ಮಾತ್ರ ಬಗ್ಗಿ ನೋಡಿ, "ಎಂತರ ಮಾಣಿ ಅದು, ಎಲಿಯ ಕತೆಯಾ?" ಅಂತ ನಗುತ್ತಿದ್ದರು. ನಮ್ಮ ಮನೆಮಾತಿನಲ್ಲಿ ಎಲಿ, ತುಳುವಿನಲ್ಲಿ ಎಲಿ, ಮಲಯಾಳದಲ್ಲೂ ಎಲಿ. ಶಾಲೆಯ ಪುಸ್ತಕದಲ್ಲಿ ಮಾತ್ರ ಅದು ಇಲಿ.

ಈಗ ಪಾತ್ರದ ವಿಷಯ. ಬೇರೆ ಗ್ರಹದವರು ಕಾಡಿನಿಂದ ಒಂದು ಇಲಿಯನ್ನು ಹಿಡಿದುಕೊಂಡು ಹೋಗಿ ಅದರ ಮೇಲೆ ಪ್ರಯೋಗ ಮಾಡುತ್ತಾರೆ. ಅದರಿಂದ ಅವನಿಗೆ ಶಕ್ತಿ ಬರುತ್ತದೆ. ವಾಪಸ್ ಬಂದವನು ಕಾಡಿನಲ್ಲಿ ಕಷ್ಟಕ್ಕೆ ಸಿಕ್ಕವರನ್ನು ಕಾಯುತ್ತಾನೆ. ಸೂಪರ್‌ಮ್ಯಾನ್ ನೆನಪಾಗುತ್ತಾನೆ, ಅಲ್ವಾ? ಇಲ್ಲ ಅನ್ನುವುದಿಲ್ಲ. ಆದರೆ ಸೂಪರ್‌ಮ್ಯಾನ್‌ಗೆ ದೊಡ್ಡ ದೇಹ ಇದೆ, ಪೇಪರ್ ಆಫೀಸಿನಲ್ಲಿ ಕೆಲಸ ಇದೆ. ಇವನು ಬೆಕ್ಕು ಕಂಡರೆ ಓಡಬೇಕಾದ ಜಾತಿ. ಅವನು ಹಾರಿ ಬಂದು ದೊಡ್ಡ ಪ್ರಾಣಿಯನ್ನು ಬಡಿಯುವಾಗ, ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಇದ್ದ ನನಗೆ ಆಗುತ್ತಿದ್ದ ಖುಷಿ ಅಮೆರಿಕದ ಕಾಮಿಕ್ಸ್ ಹೀರೋ ಫ್ಯಾಂಟಮ್‌ನನ್ನು ಓದಿದರೆ ಆಗುತ್ತಿರಲಿಲ್ಲ.

ಅಂದಹಾಗೆ, ಸುಮ್ನೆ ಒಂದು ಮಾತು. ಎರಡನೇ ಓಟು ಇದ್ದರೆ ಇಂದ್ರಜಾಲ್ ಕಾಮಿಕ್ಸಿನ ಬಹಾದ್ದೂರ್‌ಗೆ ಹಾಕುತ್ತಿದ್ದೆ. ಆಬಿದ್ ಸುರತಿ 1976ರಲ್ಲಿ ಹುಟ್ಟಿಸಿದ ಪಾತ್ರ. ಅಪ್ಪ ಡಕಾಯಿತ, ಪೊಲೀಸರ ಗುಂಡಿಗೆ ಸತ್ತವನು. ಮಗನನ್ನು ಸಾಕುವವನೂ ಒಬ್ಬ ಪೊಲೀಸ್ ಅಧಿಕಾರಿಯೇ. ಕುರ್ತಾ, ಜೀನ್ಸ್ ಹಾಕಿಕೊಂಡು ಡಕಾಯಿತರ ಹಿಂದೆ ಬೀಳುವ ಹೀರೋ. 1990ರಲ್ಲಿ ಇಂದ್ರಜಾಲ್ ನಿಂತಿತು, ಅವನ ಕತೆಯೂ ಅಲ್ಲಿಗೆ ನಿಂತಿತು.

ಡಿಂಗನಿಗೂ ಅದೇ ಗತಿ ಆಗಬೇಕಿತ್ತು. ಮಲಯಾಳದ ಬಾಲಮಂಗಳಂ 2012ರಲ್ಲಿ ನಿಂತಿತು. ಆದರೆ ಅಷ್ಟರಲ್ಲಿ ಅದನ್ನು ಓದಿ ಬೆಳೆದ ಮಕ್ಕಳು ದೊಡ್ಡವರಾಗಿ ಇಂಟರ್‌ನೆಟ್ಟಿಗೆ ಬಂದಿದ್ದರು. ಧರ್ಮದ ಹೆಸರಿನಲ್ಲಿ ನಡೆಯುವುದನ್ನೆಲ್ಲ ಗೇಲಿ ಮಾಡಲು ಅವರಿಗೊಬ್ಬ ದೇವರು ಬೇಕಾಗಿತ್ತು. ಡಿಂಕನನ್ನೇ ದೇವರು ಮಾಡಿದರು! ಡಿಂಕೋಯಿಸಂ ಅಂತ ಹುಡುಕಿ ನೋಡಿ. 2016ರಲ್ಲಿ ಕೋಯಿಕ್ಕೋಡಿನಲ್ಲಿ ಸಮ್ಮೇಳನವನ್ನೂ ಮಾಡಿದರು. ಡಿಂಕನ ಹೆಸರಿನಲ್ಲಿ ಸಿನಿಮಾ ಬರುತ್ತದೆ ಅಂದಾಗ, ನಮ್ಮ ಭಾವನೆಗೆ ಧಕ್ಕೆ ಆಯಿತು ಅಂತ ಗಂಭೀರ ಮುಖ ಮಾಡಿಕೊಂಡು ಪ್ರತಿಭಟನೆಯನ್ನೂ ಮಾಡಿದರು. ಅಲ್ಲಿ ಇಲಿ ದೇವರಾದ. ಇಲ್ಲಿ ಅದೇ ಇಲಿಗೆ ನೆಟ್ಟಗೆ ಒಂದು ಸಂಪುಟವೂ ಕಾಣಿಸುವುದಿಲ್ಲ. ಕನ್ನಡದಲ್ಲಿ ಯಾರಾದರೂ ಹಳೆ ಬಾಲಮಂಗಳದ ಫೋಟೋ ಹಾಕಿದರೆ, "ಅಯ್ಯೋ, ಡಿಂಗ! ನೆನಪಿದೆಯಾ?" ಅಂತ ಕೆಳಗೆ ನಾಲ್ಕು ಜನ ಬರೆಯುತ್ತಾರೆ. ಅಷ್ಟೇ.

ಅನುವಾದದ ಪಾತ್ರ ಅಂತ ನಾವು ಅವನನ್ನು ನಮ್ಮವನು ಅಂದುಕೊಳ್ಳಲೇ ಇಲ್ಲವೇನೋ. ಹಾಗಾದರೆ ಫ್ಯಾಂಟಮ್ ಯಾವ ಊರಿನವನು?

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ನನ್ನ ಹಳೆ ಕಟ್ಟು ಹುಡುಕಲು ಅಟ್ಟ ಹತ್ತಿದೆ. ಅಡಿಕೆ ಗೋಣಿಯ ಹಿಂದೆ ಸಿಕ್ಕಿತು. ಬಾಳೆನಾರಿನಲ್ಲಿ ಕಟ್ಟಿದ್ದು ಹಾಗೇ ಇದೆ, ಒಳಗೆ ಪುಸ್ತಕ ಮಾತ್ರ ಅರ್ಧಕ್ಕರ್ಧ ಪುಡಿ. ಪುಡಿಯ ನಡುವೆ ಕಪ್ಪು ಹಿಕ್ಕೆ. ತಿಂದದ್ದು ಯಾರು ಅಂತ ಬೇರೆ ಹೇಳಬೇಕಾ?