ನನ್ನ ಕೋಶಗಳನ್ನು ತಮ್ಮನಿಗೆ ಕೊಡಬಹುದೇ?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. 42 ವರ್ಷದ ನನ್ನ ತಮ್ಮನಿಗೆ ಬಿ-ಕೋಶದ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಇದ್ದು, ಎರಡು ಬಗೆಯ ಕೀಮೋಥೆರಪಿಯ ನಂತರವೂ ಮರುಕಳಿಸಿದೆ. ವೈದ್ಯರು ಈಗ ಕಾರ್-ಟಿ ಚಿಕಿತ್ಸೆಯ ಮಾತೆತ್ತಿದ್ದಾರೆ. ಅಸ್ಥಿಮಜ್ಜೆಯ ಕಸಿಗೆ ಕೊಡುವಂತೆ ಇದಕ್ಕೂ ನಾನು ನನ್ನ ಕೋಶಗಳನ್ನು ಕೊಡಬಹುದೇ? ಹೊಟ್ಟೆಯ ಕ್ಯಾನ್ಸರ್ ಇರುವ ನಮ್ಮ ಚಿಕ್ಕಮ್ಮನಿಗೂ ಈ ಚಿಕಿತ್ಸೆ ಆಗುತ್ತದೆಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕೊಡುವ ಅಗತ್ಯ ಬೀಳುವುದಿಲ್ಲ, ಏಕೆಂದರೆ ಇಂದು ಬಳಕೆಯಲ್ಲಿರುವ ಕಾರ್-ಟಿ ಚಿಕಿತ್ಸೆಗೆ ರೋಗಿಯ ಸ್ವಂತ ಟಿ-ಕೋಶಗಳೇ ಕಚ್ಚಾ ಸಾಮಗ್ರಿ. ಟಿ-ಕೋಶಗಳೆಂದರೆ ಸೋಂಕಿತ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳು. ಕ್ಯಾನ್ಸರ್ ಕೋಶ ಮೈಯದೇ ಆದ್ದರಿಂದ ಅವುಗಳ ಕಣ್ಣಿಗೆ ಅದು ಅನೇಕ ವೇಳೆ ಬೀಳುವುದಿಲ್ಲ. ತಮ್ಮನ ಕಾಯಿಲೆಯ ಮೂಲವಾದ, ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಬಿ-ಕೋಶಗಳ ಮೇಲ್ಮೈಯಲ್ಲಿ ಇರುವ ಸಿಡಿ19 ಎಂಬ ಪ್ರೋಟೀನನ್ನು ಗುರುತಿಸಬಲ್ಲ ಕೃತಕ ಗ್ರಾಹಕವೊಂದರ (ರಿಸೆಪ್ಟರ್) ಜೀನನ್ನು, ನಿರಪಾಯಗೊಳಿಸಿದ ವೈರಸ್ಸಿನ ಮೂಲಕ ಟಿ-ಕೋಶಗಳೊಳಗೆ ಸೇರಿಸಿ, ಪ್ರಯೋಗಾಲಯದಲ್ಲಿ ಅವನ್ನು ಕೋಟಿಗಟ್ಟಲೆ ಬೆಳೆಸಿ ಅದೇ ರೋಗಿಗೆ ಮರಳಿಸುವುದೇ ಈ ಚಿಕಿತ್ಸೆ. ಇಂಥ ಗ್ರಾಹಕದ ಕಲ್ಪನೆಯನ್ನು 1980ರ ದಶಕದ ಕೊನೆಯಲ್ಲಿ ಇಸ್ರೇಲಿನ ಜೆಲಿಗ್ ಎಶ್ಹಾರ್ ಮತ್ತು ಸಂಗಡಿಗರು ಸಾಧಿಸಿ ತೋರಿಸಿದ್ದರೂ, ಅಮೆರಿಕದಲ್ಲಿ ಅದು ಔಷಧವಾಗಿ ಮಂಜೂರಾದದ್ದು 2017ರಲ್ಲಿ.

ನಿಮ್ಮ ನೆರೆಯಲ್ಲೇ ನಡೆದ ಕೆಲಸವನ್ನೂ ಹೇಳಬೇಕು. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ತಂಡ ಟಾಟಾ ಸ್ಮಾರಕ ಕೇಂದ್ರದ ವೈದ್ಯರೊಡನೆ ಸೇರಿ ಅಭಿವೃದ್ಧಿಪಡಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆ 2023ರ ಅಕ್ಟೋಬರ್‌ನಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿ ಪಡೆಯಿತು. ಅಮೆರಿಕದಲ್ಲಿ ಕೋಟಿಗಳಲ್ಲಿ ಎಣಿಸುವ ಬೆಲೆಗೆ ಹೋಲಿಸಿದರೆ ಇಲ್ಲಿನ ಖರ್ಚು ಸುಮಾರು ಹತ್ತರಲ್ಲೊಂದು ಪಾಲು. ಆದರೂ ಸಂಬಳದ ಮೇಲೆ ಬದುಕುವ ಮನೆಗೆ ಅದು ಸಣ್ಣ ಮೊತ್ತವಲ್ಲ ಎಂಬುದನ್ನು ಮರೆಮಾಚಲಾರೆ. ಪ್ರಕಟವಾದ ಪ್ರಯೋಗದಲ್ಲಿ ಫಲವನ್ನು ಅಳೆಯಲು ಸಾಧ್ಯವಾದ ರೋಗಿಗಳಲ್ಲಿ ಸುಮಾರು 73 ಪ್ರತಿಶತ ಜನರ ಕಾಯಿಲೆ ಚಿಕಿತ್ಸೆಗೆ ಸ್ಪಂದಿಸಿತು. ಸ್ಪಂದನೆ ಎಂದರೆ ಗುಣವಾಯಿತೆಂದು ಅರ್ಥವಲ್ಲ. ಕೆಲವರಲ್ಲಿ ಕಾಯಿಲೆ ಮರಳಿ ಬರುತ್ತದೆ.

ಕೋಶ ತೆಗೆಯುವ ದಿನ ತಮ್ಮನ ರಕ್ತ ನಳಿಕೆಯ ಮೂಲಕ ಯಂತ್ರಕ್ಕೆ ಹೋಗಿ, ಅಲ್ಲಿ ಬಿಳಿ ಕಣಗಳು ಚೀಲವೊಂದರಲ್ಲಿ ಉಳಿದು, ಮಿಕ್ಕದ್ದು ಮರಳಿ ಮೈಸೇರುತ್ತದೆ. ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸುವುದರಿಂದ ತುಟಿಯ ಸುತ್ತ ಜುಮುಗುಟ್ಟಬಹುದು, ಆಗ ಸಿಬ್ಬಂದಿಗೆ ಹೇಳಿದರೆ ಸಾಕು. ಕೋಶಗಳು ಸಿದ್ಧವಾಗಲು ವಾರಗಳು ಬೇಕು. ಮರಳಿಸುವ ಮುನ್ನ ಕೆಲವು ದಿನ ಲಘು ಕೀಮೋ ಇರುತ್ತದೆ. ಹೊಸ ಕೋಶಗಳಿಗೆ ಮೈಯಲ್ಲಿ ಜಾಗ ಮಾಡಿಕೊಡುವುದು ಅದರ ಉದ್ದೇಶ. ಅಷ್ಟು ಕಾದ ಮೇಲೆ, ಅತಿ ಶೀತದಲ್ಲಿ ಗಟ್ಟಿಯಾಗಿಸಿಟ್ಟ ಕೋಶಗಳ ಸಣ್ಣ ಚೀಲವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಅರ್ಧ ಗಂಟೆಯೊಳಗೆ ಏರಿಸಿ ಮುಗಿಸುವುದನ್ನು ಕಂಡು ‘ಇಷ್ಟೇನಾ?’ ಎಂದು ಕೇಳದ ಬಂಧುಗಳು ಕಡಿಮೆ.

ಎಚ್ಚರ ಬೇಕಾದದ್ದು ಆಮೇಲೆ. ಟಿ-ಕೋಶಗಳು ಕೆಲಸಕ್ಕಿಳಿದಾಗ ಹೊರಸೂಸುವ, ಕೋಶಗಳ ನಡುವೆ ಸಂದೇಶ ಒಯ್ಯುವ ಸೈಟೊಕೈನ್‌ಗಳಿಂದ ತೀವ್ರ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಟೊಸಿಲಿಜುಮಾಬ್ ಎಂಬ ಔಷಧ ಇದನ್ನು ಹಿಡಿತಕ್ಕೆ ತರುತ್ತದೆ. ಆರೋಗ್ಯವಂತ ಬಿ-ಕೋಶಗಳ ಮೇಲೂ ಸಿಡಿ19 ಇರುವುದರಿಂದ ಅವೂ ನಾಶವಾಗಿ, ತಿಂಗಳುಗಟ್ಟಲೆ ಸೋಂಕಿನ ಭಯ ಇರುತ್ತದೆ.

ಚಿಕ್ಕಮ್ಮನ ವಿಷಯದಲ್ಲಿ ಉತ್ತರ ಬೇರೆ. ಹೊಟ್ಟೆಯ ಗಡ್ಡೆಯ ಕೋಶಗಳ ಮೇಲೆ ಸಿಡಿ19 ಇರುವುದಿಲ್ಲ. ಅಲ್ಲಿನ ಗುರುತಿನ ಪ್ರೋಟೀನುಗಳು ಆರೋಗ್ಯವಂತ ಅಂಗಗಳಲ್ಲೂ ಹಂಚಿಕೊಂಡಿರುತ್ತವೆ, ಗಡ್ಡೆಯೊಳಕ್ಕೆ ನುಗ್ಗುವುದೂ ಟಿ-ಕೋಶಗಳಿಗೆ ಕಷ್ಟ. ಕ್ಲಾಡಿನ್ 18.2 ಎಂಬ ಗುರುತನ್ನು ಹಿಡಿದು ಚೀನಾದಲ್ಲಿ ನಡೆದ ಪ್ರಯೋಗದಲ್ಲಿ ಕಾಯಿಲೆ ಮುಂದುವರಿಯದೆ ನಿಂತ ಅವಧಿ ತುಸು ಹೆಚ್ಚಿದೆ, ಅಷ್ಟೇ. ಅವರ ಈಗಿನ ಚಿಕಿತ್ಸೆಯನ್ನು ಇದಕ್ಕಾಗಿ ನಿಲ್ಲಿಸಬೇಡಿ.

ನೀವು ಕೊಡಬಹುದಾದದ್ದು ಒಂದಿದೆ. ಈ ಚಿಕಿತ್ಸೆಯಿಂದ ಕೆಲವೊಮ್ಮೆ ಮಿದುಳಿನ ಮೇಲಾಗುವ ಪರಿಣಾಮವನ್ನು ಬೇಗ ಪತ್ತೆಹಚ್ಚಲು ರೋಗಿಯಿಂದ ದಿನವೂ ಒಂದು ವಾಕ್ಯ ಬರೆಸುತ್ತಾರೆ; ಅಕ್ಷರ ಓರೆಯಾಗುವುದು, ಪದ ಬಿಟ್ಟುಹೋಗುವುದು ಮೊದಲ ಸುಳಿವು. ತಮ್ಮ ಅದನ್ನು ಕನ್ನಡದಲ್ಲೇ ಬರೆಯಲಿ. ನಿನ್ನೆಯ ಹಾಳೆಯ ಪಕ್ಕ ಇವತ್ತಿನದನ್ನಿಟ್ಟು ಓದಿ, ವ್ಯತ್ಯಾಸ ಕಂಡರೆ ಕೂಡಲೇ ನರ್ಸ್‌ಗೆ ತಿಳಿಸಿ. ಕನ್ನಡ ಬಾರದ ಅವರಿಗೆ ಆ ತಪ್ಪು ಕಾಣಿಸದೆ ಹೋಗಬಹುದು.