ಮೀಟಿಂಗಿನ ಮಾತ್ರೆ

ತಲೆನೋವಿನವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಕಣ್ಣಿನ ಡಾಕ್ಟರು, ಮೂಗಿನ ಡಾಕ್ಟರು, ಹಲ್ಲಿನ ಡಾಕ್ಟರು ಎಲ್ಲ ಮುಗಿದು, ಒಂದು ಸ್ಕ್ಯಾನೂ ಆಗಿ, ಫೈಲು ದಪ್ಪವಾಗಿರುತ್ತದೆ. ಕೂತ ಕೂಡಲೇ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಸ್ಕ್ಯಾನ್ ನಾರ್ಮಲ್ ಅಂತೆ, ಹಾಗಾಗಿ ನಿಮ್ಮ ಹತ್ರ ಕಳಿಸಿದ್ರು.’

ಆ ‘ಹಾಗಾಗಿ’ ನನಗೆ ಆಗಿಬರುವುದಿಲ್ಲ. ಮೈಗ್ರೇನ್ ಆಗಲಿ, ತಲೆಗೆ ಪಟ್ಟಿ ಬಿಗಿದಂತಾಗುವ ಟೆನ್ಷನ್ ತಲೆನೋವಾಗಲಿ ಸ್ಕ್ಯಾನಿನಲ್ಲಿ ಕಾಣುವಂಥವಲ್ಲ. ಅವನ್ನು ಡಾಕ್ಟರು ಗುರುತಿಸುವುದು ರೋಗಿ ಬಾಯಿಬಿಟ್ಟು ಹೇಳುವ ವಿವರದಿಂದ. ಗಡ್ಡೆಯಂಥದ್ದೇನೂ ಕಾಣಲಿಲ್ಲ ಎಂಬಷ್ಟು ಸಮಾಧಾನವನ್ನು ಸ್ಕ್ಯಾನ್ ಕೊಡಬಲ್ಲದು, ನೋವು ಸುಳ್ಳು ಎಂದು ಅದು ಯಾವತ್ತೂ ಹೇಳುವುದಿಲ್ಲ. ಹಾಗಂತ ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ಸಿಡಿಲು ಬಡಿದಂತೆ ಒಮ್ಮೆಗೇ ಶುರುವಾದ ವಿಪರೀತ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಮಾತು ತೊದಲುವುದು, ಕೈಕಾಲಿನ ಬಲ ಕುಗ್ಗುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, 50 ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವು, ಕೆಮ್ಮಿದರೆ ಮಲಗಿದರೆ ಏರುವ ನೋವು: ಇವುಗಳಲ್ಲಿ ಯಾವುದಿದ್ದರೂ ಆಪ್ತಸಲಹೆಗೆ ಅಪಾಯಿಂಟ್‌ಮೆಂಟ್ ತಗೊಂಡು ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ವೀಣಾ ಎಂದಿಟ್ಟುಕೊಳ್ಳಿ. ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ. ವಯಸ್ಸು ನಲವತ್ತರ ಆಸುಪಾಸು, ಲೆಕ್ಕಪತ್ರದ ಕೆಲಸ, ಗಂಡ, ಹೈಸ್ಕೂಲಿನ ಮಗಳು. ಕಾಲೇಜಿನ ದಿನಗಳಿಂದಲೂ ತಿಂಗಳಿಗೊಂದೆರಡು ಸಲ ಅರೆತಲೆನೋವು. ಒಂದೇ ಪಕ್ಕ ಬಡಿತ, ವಾಕರಿಕೆ, ಬೆಳಕು ಕಂಡರೆ ಆಗದು, ಮೆಟ್ಟಿಲು ಹತ್ತಿದರೆ ಇನ್ನೂ ಜೋರು. ಎರಡು ವರ್ಷಗಳಿಂದೀಚೆಗೆ ಮಾತ್ರ ಅದರ ಚಾಳಿ ಬದಲಾಗಿತ್ತು. ಬೆಳಿಗ್ಗೆ ಏಳುವಾಗಲೇ ತಲೆ ಭಾರ, ವಾರಕ್ಕೆ ಐದಾರು ದಿನ. ಯಾರೋ ಸೈನಸ್ ಎಂದಿದ್ದರು. ಮೈಗ್ರೇನಿನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆದ್ದರಿಂದ ಈ ಗೊಂದಲ ಹೊಸದೇನಲ್ಲ. ಮನೆಯವರು, ‘ತಲೆ ಅಂತ ಇದ್ಮೇಲೆ ನೋವು ಇರೋದೇ, ಟೆನ್ಷನ್ ಬಿಡು’ ಎಂದಿದ್ದರು.

ಮೊದಲ ಮೂರು ಭೇಟಿಗಳನ್ನು ಹಾಳು ಮಾಡಿದ್ದು ನಾನು. ಒಪ್ಪಿಕೊಂಡುಬಿಡುತ್ತೇನೆ. ನಾನೂ ‘ಟೆನ್ಷನ್’ ಹುಡುಕಲು ಹೊರಟೆ. ಸಿಕ್ಕಿತು ಬೇರೆ! ಅತ್ತೆಯ ಕಾಯಿಲೆ, ಆಫೀಸಿನಲ್ಲಿ ಕೈತಪ್ಪಿದ ಬಡ್ತಿ, ಮಗಳ ಗಣಿತ. ಯಾರ ಬದುಕನ್ನಾದರೂ ಒಂದು ಗಂಟೆ ಕೆದಕಿ ನೋಡಿ, ಒಂದು ತಲೆನೋವಿಗೆ ಸಾಕಾಗುವಷ್ಟು ಕಾರಣ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೇ ಕಾರಣ ಎಂದು ನಂಬುವುದು ನಮ್ಮ ವೃತ್ತಿಯ ಹಳೇ ಕಾಯಿಲೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಅವರು ಶ್ರದ್ಧೆಯಿಂದ ಮಾಡಿದರು, ತಲೆನೋವು ತನ್ನ ಪಾಡಿಗೆ ತಾನಿತ್ತು.

ನಾಲ್ಕನೇ ಸಲ ಬಂದಾಗ ಫೋನನ್ನು ಮೇಜಿನ ಮೇಲಿಟ್ಟರು. ಅದು ಸಮನಾಗಿ ಕೂರಲಿಲ್ಲ. ಮೆಸೇಜು ಬಂದು ನಡುಗಿದಾಗಲೆಲ್ಲ ಒಂದು ಮೂಲೆ ಎದ್ದು ಇನ್ನೊಂದು ಮೂಲೆ ತಗ್ಗಿ, ಟಕಟಕ ಎನ್ನುತ್ತಿತ್ತು. ಮಾತು ಕೇಳಿಸಿಕೊಳ್ಳಬೇಕಾದ ನನ್ನ ಗಮನವೆಲ್ಲ ಅದರ ಮೇಲೆಯೇ.

‘ಕವರ್ ಒಳಗೆ ಏನೋ ಇದೆಯಲ್ಲ?’

‘ಮಾತ್ರೆ ಮೇಡಂ. ಎರಡೇ. ಬ್ಯಾಗ್ ಮರೆತ್ರೂ ಫೋನ್ ಮರೆಯಲ್ವಲ್ಲ.’

‘ಬ್ಯಾಗಲ್ಲೂ ಇದೆ ಹಾಗಾದ್ರೆ.’

ನಕ್ಕರು. ಕನ್ನಡಕದ ಡಬ್ಬಿಯಿಂದ ಒಂದು, ಚಿಲ್ಲರೆ ಪರ್ಸಿನಿಂದ ಎರಡು, ಕತ್ತರಿಯಲ್ಲಿ ಒಂದೊಂದೇ ಕತ್ತರಿಸಿಟ್ಟುಕೊಂಡ ಸ್ಟ್ರಿಪ್ಪಿನ ತುಂಡುಗಳು ಹೊರಬಂದವು. ಅಂಚು ಚುಚ್ಚಬಾರದೆಂದು ಮೂಲೆಗಳನ್ನೂ ದುಂಡಗೆ ಕತ್ತರಿಸಿದ್ದರು. ಆಫೀಸಿನ ಡ್ರಾಯರಿನಲ್ಲಿ, ಹಾಸಿಗೆಯ ಪಕ್ಕದಲ್ಲಿ, ಕಾರಿನಲ್ಲಿ ಬೇರೆ ಇವೆಯಂತೆ. ಕೆಫೀನ್ ಬೆರೆಸಿದ ನೋವಿನ ಮಾತ್ರೆ ಅದು.

‘ನಿನ್ನೆ ತಗೊಂಡ್ರಾ?’

‘ಬೆಳಿಗ್ಗೆ ಒಂದು. ಹತ್ತೂವರೆಗೆ ಮೀಟಿಂಗ್ ಇತ್ತು.’

‘ಆಗ ತಲೆ ನೋಯ್ತಾ ಇತ್ತಾ?’

ನಾನು ಏನೋ ಸಂಬಂಧವಿಲ್ಲದ್ದು ಕೇಳಿದೆ ಎಂಬಂತೆ ನೋಡಿದರು. ‘ಇಲ್ಲಪ್ಪ. ಅದು ಮೀಟಿಂಗಿನ ಮಾತ್ರೆ.’

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಹೊರಬಂತು: ಮೂರು ವರ್ಷದ ಹಿಂದೆ ಮೇಲಧಿಕಾರಿಗಳ ಮುಂದೆ ಲೆಕ್ಕ ಒಪ್ಪಿಸುವಾಗ ಜೋರು ನೋವು ಬಂದು, ಅರ್ಧಕ್ಕೇ ಎದ್ದು ಹೋಗಿ ವಾಂತಿ ಮಾಡಿಕೊಂಡಿದ್ದರು. ಉಳಿದರ್ಧ ಪಕ್ಕದ ಕುರ್ಚಿಯವರು ಓದಿದರು. ಬಡ್ತಿ ಅವರಿಗೇ ಹೋಯಿತು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ‘ಅವತ್ತಿಂದ ರಿಸ್ಕ್ ತಗೊಳ್ಳಲ್ಲ’ ಎಂದರು.

ಉಳಿದ ಸಮಯವನ್ನೆಲ್ಲ ಫೋನಿನ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕುವುದಕ್ಕೆ ಕೊಟ್ಟೆವು. ಪ್ರತಿ ಮಾತ್ರೆಗೂ ಒಂದು ಹೆಸರಿದ್ದುದರಿಂದ ಲೆಕ್ಕ ಸುಲಭವಾಯಿತು: ಮೀಟಿಂಗಿನದು, ಮಗಳ ಶಾಲೆಯದು, ಪ್ರಯಾಣದ್ದು, ನೆಂಟರು ಬಂದ ದಿನದ್ದು. ಲೆಕ್ಕ ಅವರ ಕಸುಬೇ ತಾನೆ, ನನಗಿಂತ ಚುರುಕು. 30 ದಿನಗಳಲ್ಲಿ 22 ದಿನ ಮಾತ್ರೆ. ನುಂಗುವ ಮೊದಲು ನೋವಿದ್ದದ್ದು ಖಂಡಿತ ಎನ್ನಬಹುದಾದದ್ದು 9 ದಿನ.

ಮತ್ತೆ ಮತ್ತೆ ಬರುವ ತಲೆನೋವಿನ ಬಗ್ಗೆ ಎಲ್ಲರಿಗೂ ಗೊತ್ತಿರಬೇಕಾಗಿದ್ದೂ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ತಲೆನೋವಿನ ಪ್ರವೃತ್ತಿ ಇರುವವರಲ್ಲಿ ನೋವಿನ ಮಾತ್ರೆಯೇ ನೋವನ್ನು ಹುಟ್ಟಿಸಬಲ್ಲದು. ಪ್ಯಾರಸಿಟಮಾಲ್‌ನಂಥ ಸಾದಾ ಮಾತ್ರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನಿನಂಥದ್ದು ಬೆರೆಸಿದ ಮಿಶ್ರ ಮಾತ್ರೆ ಅಥವಾ ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ, ತಲೆನೋವೂ ತಿಂಗಳಿಗೆ 15 ದಿನ ಮುಟ್ಟಿದ್ದರೆ, ತಜ್ಞರು ಈ ತೊಂದರೆಯನ್ನು ಶಂಕಿಸುತ್ತಾರೆ. ಎಣಿಸಬೇಕಾದದ್ದು ದಿನಗಳನ್ನು. ‘ನಾನು ದಿನಕ್ಕೆ ಅರ್ಧವೇ ತಗೊಳ್ಳೋದು’ ಎನ್ನುವವರು ಇದನ್ನು ಎರಡು ಸಲ ಓದಬೇಕು.

‘ನಾನು ಅಡಿಕ್ಟಾ ಮೇಡಂ?’ ಎಂದು ಕೇಳಿದರು. ಅಲ್ಲವೆಂದೆ, ಸಮಾಧಾನಕ್ಕೆ ಹೇಳಿದ್ದಲ್ಲ. ಬೇರೆ ಕಾರಣಕ್ಕೆ, ಕೀಲುನೋವಿಗೋ ಬೆನ್ನುನೋವಿಗೋ ದಿನವೂ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ, ಮೊದಲೇ ತಲೆನೋವಿನ ಪ್ರವೃತ್ತಿ ಇಲ್ಲದಿದ್ದರೆ, ಸಾಮಾನ್ಯವಾಗಿ ಹೀಗಾಗುವುದಿಲ್ಲ. ಇದು ಮೈಗ್ರೇನಿನವರ ಮಿದುಳಿನ ಸೂಕ್ಷ್ಮತೆ. ಅದಕ್ಕೆ ಗುಣದೋಷದ ಪಟ್ಟಿ ಹಚ್ಚುವುದೇ ತಪ್ಪು.

ನಾನು ಕೊಟ್ಟ ಮೊದಲ ಸಲಹೆ: ಆ ಎಣಿಕೆಯ ಹಾಳೆಯನ್ನು ಹಿಡಿದು ನ್ಯೂರಾಲಜಿಸ್ಟ್ ಬಳಿ ಹೋಗಿ. ಮಾತ್ರೆ ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಕೆಲವು ಔಷಧಗಳನ್ನು, ಮುಖ್ಯವಾಗಿ ಅಫೀಮಿನ ಜಾತಿಯ ನೋವುನಿವಾರಕಗಳನ್ನು, ಒಮ್ಮೆಗೇ ಬಿಡುವುದು ಅಪಾಯ. ಡಾಕ್ಟರು ಹಾಳೆ ನೋಡಿ ಆ ಮಾತ್ರೆ ಬಿಡಿಸಿದರು, ನೋವು ಬಾರದಂತೆ ತಡೆಯುವ ಔಷಧ ಶುರುಮಾಡಿದರು. ಅವತ್ತು ಸಂಜೆಯೇ ಫೋನು: ‘ಮೇಡಂ, ಇದು ಡಿಪ್ರೆಶನ್ ಮಾತ್ರೆಯಂತೆ! ನೀವೇ ಹೇಳಿ ಬರೆಸಿದ್ರಾ?’ ಅವರಿಗೆ ಬರೆದಿದ್ದ ಅಮಿಟ್ರಿಪ್ಟಿಲಿನ್ ಖಿನ್ನತೆಗೆಂದು ಬಂದದ್ದು ಹೌದು. ಪ್ರೊಪ್ರನಲಾಲ್ ಹೃದಯದ ತೊಂದರೆಗೆ, ಟೋಪಿರಮೇಟ್ ಅಪಸ್ಮಾರಕ್ಕೆ ಬಂದದ್ದು. ಮೂರೂ ಮೈಗ್ರೇನ್ ತಡೆಯಲು ಬಳಕೆಯಲ್ಲಿವೆ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ‘ನನಗೆ ಹುಚ್ಚು ಅಂದುಕೊಂಡಿದ್ದಾರೆ’ ಎಂದು ಮಾತ್ರೆ ಕಸಕ್ಕೆ ಹಾಕಿದವರು ನನಗೆ ಗೊತ್ತಿದ್ದಾರೆ. ಇವು ಕೆಲಸ ಮಾಡುತ್ತವೋ ಇಲ್ಲವೋ ತಿಳಿಯಲು ಆರೆಂಟು ವಾರಗಳಾದರೂ ಬೇಕು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು.

ಎರಡನೆಯದು ನನ್ನ ಕಡೆಯಿಂದ. ಮಾತ್ರೆ ಬಿಟ್ಟ ಮೇಲೆ 2ರಿಂದ 10 ದಿನ ನೋವು ಇನ್ನೂ ಏರುತ್ತದೆ, ವಾಕರಿಕೆ, ನಿದ್ರೆಗೇಡು, ಚಡಪಡಿಕೆ ಇರುತ್ತದೆ. ಅದನ್ನು ಮೊದಲೇ ಹೇಳಿ, ಆ ಹತ್ತು ದಿನಗಳನ್ನು ಮುಂಚಿತವಾಗಿ ಆರಿಸಿಕೊಳ್ಳಿ, ಆಫೀಸಿನಲ್ಲಿ ಮೇಲಧಿಕಾರಿಗೆ ತಿಳಿಸಿಬಿಡಿ ಎಂದೆ. ಅವರು ಮೇಲಧಿಕಾರಿಗೆ ಹೇಳಲೇ ಇಲ್ಲ. ತಮ್ಮ ಪಕ್ಕದ ಕುರ್ಚಿಯವರಿಗೆ, ಅಂದರೆ ಬಡ್ತಿ ಪಡೆದವರಿಗೇ, ‘ನಾನು ಅರ್ಧಕ್ಕೆ ಎದ್ದು ಹೋದರೆ ನೀವು ಮುಂದುವರಿಸ್ತೀರಾ?’ ಎಂದು ಕೇಳಿದರು. ‘ಅವತ್ತೂ ಅದೇ ಮಾಡಿದ್ನಲ್ಲ’ ಎಂಬ ಉತ್ತರ ಬಂತು. ನನ್ನ ಸಲಹೆಗಿಂತ ಅವರದೇ ಉಪಾಯ ಚೆನ್ನಾಗಿತ್ತು.

ಮೂರನೆಯದು ಡೈರಿ. ತಲೆನೋವಿನ ಡೈರಿ ಎಂದರೆ ಜನ ನೋವಿನ ವರ್ಣನೆ ಬರೆಯುತ್ತಾರೆ, ಓದಿದರೆ ನಮಗೇ ತಲೆ ನೋಯುತ್ತದೆ. ನಾನು ಕೇಳಿದ್ದು ಮೂರೇ ಕಲಮು: ನೋವಿತ್ತೇ, ಮಾತ್ರೆ ನುಂಗಿದಿರಾ, ಮುಂದಿನ ಎರಡು ಗಂಟೆಯಲ್ಲಿ ಏನಿತ್ತು. ಮೂರನೆಯ ಕಲಮಿನಲ್ಲೇ ಅವರ ಭಯ ದಿನಾಂಕ ಸಮೇತ ಸಿಗುತ್ತಿತ್ತು. ಆಮೇಲಿನ ನಮ್ಮ ಮಾತೆಲ್ಲ ಅದರ ಮೇಲೆಯೇ. ಮಾತ್ರೆಯಿಲ್ಲದೆ ಒಂದು ಸಣ್ಣ ಮೀಟಿಂಗ್, ಆಮೇಲೆ ಸ್ವಲ್ಪ ದೊಡ್ಡದು.

ಡೈರಿಯಿಂದ ಇನ್ನೊಂದೆರಡು ಗುಟ್ಟು ಬಯಲಾದವು. ಭಾನುವಾರದ ನೋವು ತಡವಾಗಿ ಏಳುವುದರಿಂದ, ಅದರ ಜೊತೆ ಕಾಫಿಯೂ ತಡವಾಗುವುದರಿಂದ. ದಿನಕ್ಕೆ 200 ಮಿಲಿಗ್ರಾಂ ಮೀರಿ ಕೆಫೀನ್ ರೂಢಿಯಿದ್ದವರಿಗೆ ಅದು ತಪ್ಪಿದರೆ ಒಂದು ದಿನದೊಳಗೆ ತಲೆ ನೋಯಬಹುದು, ಅವರ ಮಾತ್ರೆಯಲ್ಲೂ ಕೆಫೀನ್ ಇತ್ತು. ಏಳುವ ಹೊತ್ತು, ಉಣ್ಣುವ ಹೊತ್ತು ರಜಾದಿನವೂ ಒಂದೇ ಇರಲಿ ಎಂದೆ. ಇಷ್ಟು ಸಪ್ಪೆ ಸಲಹೆಗೆ ಫೀಸು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಮೈಗ್ರೇನಿನ ಮಿದುಳಿಗೆ ಏರುಪೇರು ಒಗ್ಗುವುದಿಲ್ಲ.

ಇನ್ನೊಂದು, ದಿಂಬಿನ ಕಥೆ. ಕುತ್ತಿಗೆ ಬಿಗಿದ ದಿನವೇ ನೋವು ಬರುತ್ತದೆಂದು ನಾಲ್ಕು ದಿಂಬು ಬದಲಿಸಿದ್ದರು. ಆಕಳಿಕೆ, ಕುತ್ತಿಗೆ ಬಿಗಿತ, ಸಿಹಿ ತಿನ್ನುವ ಆಸೆ, ಬೆಳಕು ಕಂಡರೆ ಕಿರಿಕಿರಿ, ಇವು ಎಷ್ಟೋ ಸಲ ಮೈಗ್ರೇನ್ ಆಗಲೇ ಶುರುವಾಗಿದೆ ಎಂಬುದರ ಮುನ್ಸೂಚನೆ. ನೋವಿಗೆ ಕೆಲವು ಗಂಟೆ ಮೊದಲು, ಕೆಲವೊಮ್ಮೆ ಎರಡು ದಿನ ಮೊದಲೇ ಕಾಣುತ್ತವೆ. ಸಿಹಿ ತಿಂದು ನೋವು ಬಂತೋ, ನೋವು ಶುರುವಾಗುತ್ತಿದ್ದುದಕ್ಕೆ ಸಿಹಿ ಬೇಕೆನಿಸಿತೋ? ಇದನ್ನು ಯೋಚಿಸದೆ ‘ಆಗದ’ ಪದಾರ್ಥಗಳ, ‘ಆಗದ’ ಜಾಗಗಳ ಪಟ್ಟಿ ಬೆಳೆಸುತ್ತ ಹೋದವರು ಕಡೆಗೆ ಒಂದು ಕೋಣೆಯಲ್ಲಿ ಉಳಿಯುತ್ತಾರೆ. ಅಂಥ ಪಟ್ಟಿ ಮಾಡಲು ನಾನು ಯಾರಿಗೂ ಹೇಳುವುದಿಲ್ಲ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದೆ ಇಟ್ಟಾಗ ಒಬ್ಬರು, ‘ನೀವು ಕಾಂಪೌಂಡರ್ ಕೆಲಸ ಮಾಡಿದ್ದೀರಿ. ಸೋಲಿನ ಭಯದ ಬೇರು ಬಾಲ್ಯದಲ್ಲಿರುತ್ತದೆ, ಅದನ್ನು ಮುಟ್ಟಲೇ ಇಲ್ಲ’ ಎಂದರು. ಇರಬಹುದು. ದಿನವೂ ತಲೆ ಸಿಡಿಯುತ್ತಿರುವವರನ್ನು ಕೂರಿಸಿಕೊಂಡು ಬಾಲ್ಯ ಕೇಳುವುದು ನನ್ನಿಂದಾಗದು. ಮೂರು ಭೇಟಿ ಅದನ್ನೇ ಮಾಡಿ ನೋಡಿದ್ದೆನಲ್ಲ. ಅವರು ಈಗ ಬೇಕಾದರೆ ಬಾಲ್ಯದ ಮಾತಾಡಲಿ, ತಲೆ ಹಗುರಾಗಿದೆ.

ಸುಲಭವಾಗೇನೂ ಆಗಲಿಲ್ಲ. ನಾಲ್ಕನೇ ದಿನ ‘ನಿಮ್ಮ ಮಾತು ಕೇಳಿ ಕೆಟ್ಟೆ’ ಎಂದು ಒಂದು ಸಾಲಿನ ಮೆಸೇಜು ಬಂತು. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಎಂಟನೇ ದಿನಕ್ಕೆ ಕಡಿಮೆಯಾಯಿತು. ಮೂರು ತಿಂಗಳ ನಂತರದ ಹಾಳೆಯಲ್ಲಿ ನೋವಿನ ದಿನ 7, ಮಾತ್ರೆಯ ದಿನ 4. ಸೊನ್ನೆ ಆಗಲಿಲ್ಲವೆಂದು ಅವರಿಗೆ ಬೇಸರ. ನೋವಿನ ದಿನಗಳು ಅರ್ಧಕ್ಕಿಳಿದರೆ ಚಿಕಿತ್ಸೆ ಫಲಿಸಿತೆಂದೇ ವೈದ್ಯರ ಲೆಕ್ಕ ಎಂದು ನಾನು ಹೇಳಿದಾಗ, ‘ನಮ್ಮ ಆಫೀಸಲ್ಲಿ ಅರ್ಧ ಟ್ಯಾಲಿ ಆದ್ರೆ ಒಪ್ಪಲ್ಲ ಮೇಡಂ’ ಎಂದರು.

ತಲೆನೋವಿನವರಿಗೆ ನಾನು ಕೇಳುವ ಮೊದಲ ಪ್ರಶ್ನೆಯನ್ನು ಆಮೇಲೆ ಬದಲಿಸಿಕೊಂಡೆ. ಎಷ್ಟು ದಿನ ನೋವಿತ್ತು ಎಂದರೆ ಜೋರು ನೋವಿನ ದಿನಗಳನ್ನಷ್ಟೇ ಹೇಳುತ್ತಾರೆ, ಸಣ್ಣ ನೋವು ಲೆಕ್ಕಕ್ಕೇ ಬರುವುದಿಲ್ಲ. ಈಗ ತಿರುಗಿಸಿ ಕೇಳುತ್ತೇನೆ: ಕಳೆದ ತಿಂಗಳು ತಲೆ ಪೂರ್ತಿ ಹಗುರಾಗಿದ್ದ ದಿನ ಎಷ್ಟು? ಮೊನ್ನೆ ಒಬ್ಬ ಹುಡುಗ, ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸು, ಈ ಪ್ರಶ್ನೆ ಕೇಳಿ ತುಂಬ ಹೊತ್ತು ಚಾವಣಿ ನೋಡಿದ. ಆಮೇಲೆ, ‘ಪೂರ್ತಿ ಅಂದ್ರೆ ಹೇಗಿರುತ್ತೆ ಮೇಡಂ?’ ಎಂದ.